ಇಸ್ಲಾಮೀ ನೀತಿಶಾಸ್ತ್ರದಲ್ಲಿ ಮಾನವ ಸ್ವಭಾವ ಮತ್ತು ಶೀಲನಿರ್ಮಾಣ

೧

ಮನುಷ್ಯನ ಗುಣವು ಹುಟ್ಟಿನಿಂದ ಬಂದುದೋ ಅಥವಾ ಬೆಳೆಸಿದ ರೀತಿಯಿಂದ ಬಂದುದೋ ಎಂಬ ಪ್ರಶ್ನೆಗೆ ನಮ್ಮ ನಾಡಿನ ಗಾದೆಗಳು ಎರಡು ಬಗೆಯ ಉತ್ತರಗಳನ್ನು ಕೊಡುತ್ತವೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ಒಂದು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬುದು ಇನ್ನೊಂದು. ಮೊದಲನೆಯ ಮಾತನ್ನು ಪೂರ್ಣವಾಗಿ ಒಪ್ಪಿದಲ್ಲಿ ಉಪದೇಶ, ಶಿಕ್ಷಣ, ದಂಡನೆಗಳೆಲ್ಲವೂ ನಿರರ್ಥಕವಾಗುತ್ತವೆ. ಎರಡನೆಯದನ್ನು ಒಪ್ಪಿದಲ್ಲಿ ಗಿಡವನ್ನು ಬಗ್ಗಿಸಬೇಕಾಗಿದ್ದವರು ಯಾರು, ಬಗ್ಗಿಸದೆ ಬಿಟ್ಟವರು ಯಾರು ಎಂಬ ಹೊಣೆಗಾರಿಕೆಯ ಪ್ರಶ್ನೆಯು ಏಳುತ್ತದೆ. ಜನರು ಸಮಯಕ್ಕೆ ತಕ್ಕಂತೆ ಇವೆರಡನ್ನೂ ಬಳಸುತ್ತಾರೆ. ತಮ್ಮ ಮಕ್ಕಳ ವಿಷಯ ಬಂದಾಗ ಒಂದನ್ನು, ಪರರ ಮಕ್ಕಳ ವಿಷಯ ಬಂದಾಗ ಇನ್ನೊಂದನ್ನು ನೆನೆಯುವುದೂ ಉಂಟು. ಶಾಸ್ತ್ರಕಾರನಿಗೆ ಮಾತ್ರ ಈ ಸೌಕರ್ಯವಿಲ್ಲ. ಅವನು ಯಾವುದಾದರೊಂದು ಉತ್ತರವನ್ನು ಕೊಟ್ಟು ಅದಕ್ಕೆ ಕಾರಣವನ್ನೂ ಹೇಳಬೇಕಾಗುತ್ತದೆ.

ಅರಬ್ಬೀ ಮತ್ತು ಪಾರಸೀ ಭಾಷೆಗಳಲ್ಲಿ ಕ್ರಿ. ಶ. ಹತ್ತನೆಯ ಶತಮಾನದಿಂದ ಹದಿನೈದನೆಯ ಶತಮಾನದವರೆಗೆ ಈ ಪ್ರಶ್ನೆಯನ್ನು ಕುರಿತು ವಿಪುಲವಾದ ವಿಚಾರ ನಡೆಯಿತು. ಆ ವಿಚಾರಕ್ಕೆ ‘ಅಖ್ಲಾಖ್’ ಎಂಬ ಹೆಸರಿನ ಒಂದು ಪ್ರತ್ಯೇಕ ಶಾಸ್ತ್ರವೇ ಏರ್ಪಟ್ಟಿತು. ಅದರಲ್ಲಿ ಮಿಸ್ಕವೈಹ್, ಅಲ್ ಘಜಾಲಿ ಮತ್ತು ಇಬ್ನ್ ಖಲ್ದೂನ್ ಎಂಬ ಮೂವರು ಕೊಟ್ಟ ಉತ್ತರಗಳನ್ನು ಕ್ರಮವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಇದನ್ನು ‘ಇಸ್ಲಾಮಿನ ಅಭಿಪ್ರಾಯ’ ಎಂದು ಏಕವಚನದಲ್ಲಿ ಕರೆಯಲು ನಾವು ಇಚ್ಛಿಸುವುದಿಲ್ಲ. ಹದಿನಾಲ್ಕು ಶತಮಾನಗಳ ಇತಿಹಾಸವುಳ್ಳ, ಸ್ಪೇನಿನಿಂದ ಜಾವಾದವರೆಗೆ ಹಬ್ಬಿದ ಒಂದು ಧರ್ಮಪರಂಪರೆಯಲ್ಲಿ ಮಾನವ ಸ್ವಭಾವದ ಬಗೆಗೆ ಒಂದೇ ಮತವಿರುವುದು ಸಂಭವವಲ್ಲ. ಆ ಪರಂಪರೆಯ ಒಂದು ಮುಖ್ಯ ಪ್ರವಾಹವನ್ನು ಮಾತ್ರ ನಾವಿಲ್ಲಿ ಅನುಸರಿಸಿದ್ದೇವೆ.

೨

ಮೊದಲು ಈ ಮೂವರಿಗೂ ಆಧಾರವಾದ ಪದಗಳನ್ನು ತಿಳಿದುಕೊಳ್ಳಬೇಕು. ಕುರಾನಿನ ೩೦ನೆಯ ಅಧ್ಯಾಯದಲ್ಲಿ ‘ಫಿತ್ರಾ’ ಎಂಬ ಶಬ್ದವು ಬರುತ್ತದೆ. ದೇವರು ಮಾನವರನ್ನು ಯಾವ ಮೂಲರೂಪದಲ್ಲಿ ಸೃಷ್ಟಿಸಿದನೋ ಅದು ಫಿತ್ರಾ. ಪ್ರತಿಯೊಂದು ಶಿಶುವೂ ಈ ಮೂಲರೂಪದಲ್ಲಿಯೇ ಹುಟ್ಟುತ್ತದೆ, ಅನಂತರ ತಂದೆತಾಯಿಗಳು ಅದನ್ನು ಯಹೂದ್ಯನನ್ನಾಗಿಯೋ ಕ್ರೈಸ್ತನನ್ನಾಗಿಯೋ ಅಗ್ನಿಪೂಜಕನನ್ನಾಗಿಯೋ ಮಾಡುತ್ತಾರೆ ಎಂಬ ತಾತ್ಪರ್ಯದ ಒಂದು ಹದೀಸು ಪ್ರಸಿದ್ಧವಾಗಿದೆ. ಧರ್ಮಶಾಸ್ತ್ರಜ್ಞರು ಇದಕ್ಕೆ ನಾನಾ ಬಗೆಯ ವ್ಯಾಖ್ಯಾನಗಳನ್ನು ಮಾಡಿದ್ದಾರೆ. ನೀತಿಶಾಸ್ತ್ರಜ್ಞರು ಇದರಿಂದ ಗ್ರಹಿಸಿದ ಅಂಶವು ಮುಖ್ಯವಾಗಿ ಒಂದೇ: ಶಿಶುವಿನಲ್ಲಿ ಗ್ರಹಣಶಕ್ತಿಯಿದೆ, ಅದರ ಮೇಲೆ ಬೀಳುವ ಮುದ್ರೆಯು ಬೆಳೆಸುವವರ ಕೈಯಲ್ಲಿದೆ.

ಆದಮನು ತಪ್ಪಿ ನಡೆದುದನ್ನು ಕುರಾನು ಹೇಳುತ್ತದೆಯಾದರೂ ಆ ತಪ್ಪು ಸಂತತಿಗೆ ಪಿತ್ರಾರ್ಜಿತವಾಗಿ ಇಳಿದು ಬಂದಿತೆಂದು ಹೇಳುವುದಿಲ್ಲ. ಆದಮನು ಪಶ್ಚಾತ್ತಾಪಪಟ್ಟನು, ಕ್ಷಮೆಯೂ ದೊರೆಯಿತು. ಒಬ್ಬನ ಭಾರವನ್ನು ಮತ್ತೊಬ್ಬನು ಹೊರುವಂತಿಲ್ಲ. ಆದರೆ ಮನುಷ್ಯನು ಸ್ವಭಾವತಃ ಸಾಧುವೆಂದೂ ಕುರಾನು ಸಾರುವುದಿಲ್ಲ. ಅವನು ದುರ್ಬಲನು, ಆತುರಗಾರನು, ಕೃತಘ್ನನು ಎಂಬ ಮಾತುಗಳು ಅಲ್ಲಲ್ಲಿ ಬರುತ್ತವೆ. ೯೧ನೆಯ ಅಧ್ಯಾಯದ ಪ್ರಕಾರ ಜೀವಕ್ಕೆ ಕೆಡುಕಿನ ಅರಿವನ್ನೂ ಭಕ್ತಿಯ ಅರಿವನ್ನೂ ದೇವರೇ ಕೊಟ್ಟಿದ್ದಾನೆ. ಜೀವವನ್ನು ಶುದ್ಧಿಗೊಳಿಸಿದವನು ಗೆಲ್ಲುತ್ತಾನೆ, ಅದನ್ನು ಹೂತುಹಾಕಿದವನು ಸೋಲುತ್ತಾನೆ.

ಈ ‘ಜೀವ’ಕ್ಕೆ ಅರಬ್ಬಿಯಲ್ಲಿ ‘ನಫ್ಸ್’ ಎಂದು ಹೆಸರು. ಕುರಾನಿನ ಮೂರು ಬೇರೆ ಬೇರೆ ಅಧ್ಯಾಯಗಳಲ್ಲಿ, ಅಂದರೆ ೧೨, ೭೫ ಮತ್ತು ೮೯ನೆಯವುಗಳಲ್ಲಿ, ನಫ್ಸಿಗೆ ಮೂರು ವಿಶೇಷಣಗಳು ದೊರೆಯುತ್ತವೆ: ಕೆಟ್ಟದ್ದಕ್ಕೆ ಪ್ರೇರಿಸುವುದು, ತನ್ನನ್ನು ತಾನೇ ನಿಂದಿಸಿಕೊಳ್ಳುವುದು, ಶಾಂತಿಯನ್ನು ಪಡೆದದ್ದು. ಇವು ಮೂರು ಪ್ರತ್ಯೇಕ ಜೀವಗಳಲ್ಲ. ಒಂದೇ ಜೀವವು ಏರಬಹುದಾದ ಮೂರು ಮೆಟ್ಟಿಲುಗಳೆಂದು ಸೂಫಿಗಳು ಇವನ್ನು ಜೋಡಿಸಿದರು. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಮುಹಾಸಿಬಿ (ಮರಣ ೮೫೭) ಎಂಬವನಿಗೆ ಆ ಹೆಸರೇ ಬಂದದ್ದು ತನ್ನ ನಡತೆಯ ಲೆಕ್ಕವನ್ನು ತಾನೇ ತಪಾಸಣೆ ಮಾಡಿಕೊಳ್ಳುವ ಅಭ್ಯಾಸದಿಂದ. ವ್ಯಾಪಾರಿಯು ದಿನದ ಕೊನೆಯಲ್ಲಿ ಜಮಾಖರ್ಚನ್ನು ನೋಡುವಂತೆ ಸಾಧಕನು ತನ್ನ ಮನಸ್ಸಿನ ಜಮಾಖರ್ಚನ್ನು ನೋಡಬೇಕೆಂಬುದು ಈ ಪಂಥದ ಕ್ರಮವಾಯಿತು.

ಇಷ್ಟಾದರೂ ಒಂದು ದೊಡ್ಡ ತೊಡಕು ಉಳಿಯಿತು. ಸಕಲವೂ ದೈವಸಂಕಲ್ಪದಿಂದ ನಡೆಯುವುದಾದರೆ ತನ್ನನ್ನು ತಿದ್ದಿಕೊಳ್ಳುವ ಸ್ವಾತಂತ್ರ್ಯವು ಮನುಷ್ಯನಿಗೆ ಎಲ್ಲಿಯದು? ಉಮಯ್ಯದ್ ಅರಸರ ಕಾಲದಲ್ಲಿಯೇ ಈ ವಿವಾದವು ಎದ್ದಿತು. ಅಧಿಕಾರದಲ್ಲಿದ್ದವರ ಅನ್ಯಾಯವನ್ನು ವಿಧಿಯ ಹೆಸರಿನಲ್ಲಿ ಸಹಿಸಬೇಕೇ ಎಂಬ ರಾಜಕೀಯ ಪ್ರಶ್ನೆಯೂ ಅದರಲ್ಲಿ ಅಡಗಿತ್ತು. ಮನುಷ್ಯನೇ ತನ್ನ ಕರ್ಮಗಳ ಕರ್ತನೆಂದು ಮುಅತಜಿಲಾ ಪಂಥದವರು ವಾದಿಸಿದರು. ಕರ್ಮವನ್ನು ಸೃಷ್ಟಿಸುವವನು ದೇವರು, ಅದನ್ನು ತನ್ನದಾಗಿ ಗಳಿಸಿಕೊಳ್ಳುವವನು ಮನುಷ್ಯ ಎಂಬ ಮಧ್ಯಮಾರ್ಗವನ್ನು ಹತ್ತನೆಯ ಶತಮಾನದ ಆದಿಯಲ್ಲಿ ಅಲ್ ಅಶ್ಅರಿಯು ಹಿಡಿದನು. ಈ ವಾದವನ್ನು ಇಲ್ಲಿ ಬೆಳೆಸುವ ಅವಶ್ಯಕತೆಯಿಲ್ಲ. ನೀತಿಶಾಸ್ತ್ರಜ್ಞರು ಇದನ್ನು ಬಗೆಹರಿಸಿ ಮುಂದುವರಿದವರಲ್ಲ, ಬದಿಗಿರಿಸಿ ಮುಂದುವರಿದವರು. ಅವರು ಕೇಳಿದ್ದು ಇನ್ನೂ ಹತ್ತಿರದ ಪ್ರಶ್ನೆಯನ್ನು: ಇಂದು ಕೋಪಿಷ್ಠನಾಗಿರುವವನು ನಾಳೆ ಶಾಂತನಾಗಬಲ್ಲನೇ?

೩

ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿಕೊಂಡವರಲ್ಲಿ ಮಿಸ್ಕವೈಹ್ (ಮರಣ ೧೦೩೦) ಅಗ್ರಗಣ್ಯನು. ಇರಾನಿನ ರಯ್ ನಗರದವನಾದ ಇವನು ಬುವೈಹಿದ್ ಅರಸರ ಆಸ್ಥಾನಗಳಲ್ಲಿ ಸೇವೆ ಮಾಡಿದನು. ಇಬ್ನುಲ್ ಅಮೀದ್ ಎಂಬ ಮಂತ್ರಿಯ ಗ್ರಂಥಭಂಡಾರವು ಇವನ ವಶದಲ್ಲಿತ್ತು. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಇವನು ‘ತಜಾರಿಬುಲ್ ಉಮಮ್’, ಅಂದರೆ ಜನಾಂಗಗಳ ಅನುಭವಗಳು, ಎಂಬ ಚರಿತ್ರೆಯ ಕರ್ತೃವಾಗಿ ಪರಿಚಿತನು. ಅದೇ ಲೇಖನಿಯಿಂದ ‘ತಹಜೀಬುಲ್ ಅಖ್ಲಾಖ್’ ಎಂಬ ನೀತಿಗ್ರಂಥವೂ ಹೊರಬಂದಿತು.

ಮಿಸ್ಕವೈಹನು ಮೊದಲು ಶೀಲದ ಲಕ್ಷಣವನ್ನು ನಿರ್ಣಯಿಸುತ್ತಾನೆ. ಆಲೋಚನೆಯಾಗಲಿ ಪರ್ಯಾಲೋಚನೆಯಾಗಲಿ ಇಲ್ಲದೆಯೇ ಕ್ರಿಯೆಗಳನ್ನು ಹೊರಹೊಮ್ಮಿಸುವ ಜೀವದ ಸ್ಥಿತಿಗೆ ‘ಖುಲ್ಕ್’ ಎಂದು ಹೆಸರು. ಇದರ ಬಹುವಚನವೇ ಅಖ್ಲಾಖ್. ಇದರಲ್ಲಿ ಎರಡು ಬಗೆ. ಅಲ್ಪಕಾರಣಕ್ಕೆ ಕೆರಳುವುದು, ಕ್ಷುದ್ರ ವಿಷಯಕ್ಕೆ ಅತಿಯಾಗಿ ನಗುವುದು ಮೊದಲಾದವು ದೇಹಪ್ರಕೃತಿಯಿಂದ ಬಂದವು. ಮತ್ತೆ ಕೆಲವು ಮೊದಲು ಯೋಚಿಸಿ ಮಾಡಿದ ಕೆಲಸಗಳೇ ಆಗಿದ್ದು, ಅಭ್ಯಾಸಬಲದಿಂದ ಕ್ರಮೇಣ ಶೀಲವಾಗಿ ನೆಲೆಗೊಂಡವು.

ಅನಂತರ ಅವನು ಪೂರ್ವಪಕ್ಷಗಳನ್ನು ಮುಂದಿಡುತ್ತಾನೆ. ಮನುಷ್ಯರೆಲ್ಲರೂ ಸ್ವಭಾವತಃ ಒಳ್ಳೆಯವರು, ದುಃಸಂಗದಿಂದ ಕೆಡುತ್ತಾರೆ ಎಂಬುದು ಗ್ರೀಸಿನ ಸ್ತೋಯಿಕರ ಮತ. ಕೆಲವರು ಸ್ವಭಾವತಃ ಒಳ್ಳೆಯವರು, ಕೆಲವರು ಸ್ವಭಾವತಃ ಕೆಟ್ಟವರು, ಉಳಿದವರು ನಡುವಣವರು ಎಂಬುದು ವೈದ್ಯ ಗಾಲೆನನ ಮತ. ಇವೆರಡನ್ನೂ ಬಿಟ್ಟು ಮಿಸ್ಕವೈಹನು ಅರಿಸ್ಟಾಟಲನ ಕಡೆಗೆ ಒಲಿಯುತ್ತಾನೆ. ಅವನ ಅನುಮಾನದ ಸರಣಿ ಸರಳವಾಗಿದೆ: ಪ್ರತಿಯೊಂದು ಶೀಲವೂ ಬದಲಾಗಬಲ್ಲುದು, ಬದಲಾಗಬಲ್ಲದ್ದು ಯಾವುದೂ ಸ್ವಭಾವಸಿದ್ಧವಲ್ಲ, ಆದಕಾರಣ ಯಾವ ಶೀಲವೂ ಸ್ವಭಾವಸಿದ್ಧವಲ್ಲ. ಕಲ್ಲು ಕೆಳಗೆ ಬೀಳುವುದು ಅದರ ಸ್ವಭಾವ. ಎಷ್ಟು ಸಲ ಮೇಲಕ್ಕೆಸೆದರೂ ಅದಕ್ಕೆ ಮೇಲೇರುವ ಅಭ್ಯಾಸವಾಗದು. ಮನುಷ್ಯನ ಕೋಪ ಅಂತಹುದಲ್ಲ.

ಈ ಸರಣಿಯ ಮೊದಲನೆಯ ವಾಕ್ಯವೇ ವಿವಾದಾಸ್ಪದವಾದುದೆಂದು ಯಾರಾದರೂ ಆಕ್ಷೇಪಿಸಬಹುದು. ಮಿಸ್ಕವೈಹನು ಅದಕ್ಕೆ ಪ್ರತ್ಯಕ್ಷಾನುಭವವನ್ನೇ ಪ್ರಮಾಣವಾಗಿ ಕೊಡುತ್ತಾನೆ. ಮಕ್ಕಳಲ್ಲಿ ಒಬ್ಬನು ಬೇಗ ಕಲಿಯುವನು, ಒಬ್ಬನು ನಿಧಾನವಾಗಿ ಕಲಿಯುವನು, ಒಬ್ಬನಿಗೆ ಲಜ್ಜೆ ಹೆಚ್ಚು, ಒಬ್ಬನಿಗೆ ಕಡಮೆ. ಈ ತಾರತಮ್ಯವನ್ನು ಅವನು ಒಪ್ಪುತ್ತಾನೆ. ಆದರೆ ತಾರತಮ್ಯವು ಬೋಧನೆಯನ್ನು ಬಿಡುವುದಕ್ಕೆ ಕಾರಣವಾಗದು, ಬೋಧನೆಯ ಕ್ರಮವನ್ನು ಬದಲಿಸುವುದಕ್ಕೆ ಕಾರಣವಾದೀತು. ತನ್ನ ವಿಷಯವನ್ನೂ ಅವನು ಮರೆಮಾಚುವುದಿಲ್ಲ: ಸುಖಲೋಲುಪತೆಯು ಅಭ್ಯಾಸವಾಗಿ ಬೇರೂರಿದ ಮೇಲೆ, ಬೆಳೆದ ವಯಸ್ಸಿನಲ್ಲಿ, ಬಹು ಪ್ರಯಾಸದಿಂದ ತಾನು ತನ್ನನ್ನು ಹಿಂದಕ್ಕೆ ಸೆಳೆದುಕೊಂಡೆನೆಂದು ಓದುಗರಿಗೆ ತಿಳಿಸಿ, ಬಾಲ್ಯದಲ್ಲಿಯೇ ಸಂಸ್ಕಾರ ದೊರೆತವನು ಭಾಗ್ಯವಂತನೆನ್ನುತ್ತಾನೆ.

ಇವನ ಮತ್ತೊಂದು ವಾದವೂ ಗಮನಾರ್ಹವಾಗಿದೆ. ಲೋಕವನ್ನು ತೊರೆದು ಗುಹೆಗಳಲ್ಲಿ ವಾಸಿಸುವವನಿಗೆ ಸದ್ಗುಣಗಳು ಸಿದ್ಧಿಸುವುದಿಲ್ಲವೆಂದು ಮಿಸ್ಕವೈಹನು ಹೇಳುತ್ತಾನೆ. ಕೊಡುವುದಕ್ಕೆ ಎದುರಿಗೆ ಯಾರೂ ಇಲ್ಲದವನು ಉದಾರಿಯೆಂಬುದನ್ನು ಯಾವುದರಿಂದ ತಿಳಿಯಬೇಕು? ವ್ಯವಹಾರವೇ ಇಲ್ಲದವನ ನ್ಯಾಯಪರತೆಗೆ ಅರ್ಥವೇನು? ಅವನು ಕೆಟ್ಟದ್ದನ್ನು ಮಾಡದಿರಬಹುದು. ನಿರ್ಜೀವ ವಸ್ತುಗಳೂ ಕೆಟ್ಟದ್ದನ್ನು ಮಾಡುವುದಿಲ್ಲ. ವ್ಯಕ್ತಿತ್ವವು ಜನಮಧ್ಯದಲ್ಲಿ ಮಾತ್ರ ಬೆಳೆಯಬಲ್ಲುದೆಂಬ ಈ ತತ್ತ್ವವು ಮುಂದೆ ಇಬ್ನ್ ಖಲ್ದೂನನಲ್ಲಿ ಬೇರೊಂದು ರೂಪವನ್ನು ತಾಳುವುದನ್ನು ನೋಡಲಿದ್ದೇವೆ.

೪

ಮಿಸ್ಕವೈಹನು ತತ್ತ್ವಜ್ಞರಿಗಾಗಿ ಬರೆದುದನ್ನು ಸಾಮಾನ್ಯ ಭಕ್ತಜನರ ಬದುಕಿನೊಳಗೆ ತಂದವನು ಅಲ್ ಘಜಾಲಿ. ೧೦೫೮ರಲ್ಲಿ ಖುರಾಸಾನಿನ ತೂಸ್ ಎಂಬಲ್ಲಿ ಹುಟ್ಟಿದ ಇವನು ೧೦೯೧ರಲ್ಲಿ ಬಾಗ್ದಾದಿನ ನಿಜಾಮಿಯಾ ವಿದ್ಯಾಲಯದ ಪ್ರಾಧ್ಯಾಪಕನಾದನು. ಆ ಪದವಿಯಲ್ಲಿ ಅವನಿಗೆ ಅಪಾರ ಕೀರ್ತಿಯೂ ನೂರಾರು ಶಿಷ್ಯರೂ ಇದ್ದರು. ೧೦೯೫ರಲ್ಲಿ ಒಂದು ದಿನ ಪಾಠ ಹೇಳಲು ಅವನಿಗೆ ನಾಲಗೆಯೇ ಹೊರಳದಾಯಿತು. ಆಹಾರ ಸೇರಲಿಲ್ಲ, ವೈದ್ಯರು ಕೈಬಿಟ್ಟರು. ತಾನು ವಿದ್ಯೆಯನ್ನು ಬೋಧಿಸುತ್ತಿದ್ದುದು ದೇವರಿಗಾಗಿ ಅಲ್ಲ, ಕೀರ್ತಿಗಾಗಿ ಎಂಬ ಅರಿವೇ ಈ ವ್ಯಾಧಿಯ ಮೂಲವೆಂದು ಅವನೇ ತನ್ನ ಆತ್ಮವೃತ್ತಾಂತದಲ್ಲಿ ಬರೆದಿದ್ದಾನೆ. ಅದೇ ವರ್ಷ ಅವನು ಪದವಿಯನ್ನು ತೊರೆದು ಹೊರಟನು. ಸುಮಾರು ಹನ್ನೊಂದು ವರ್ಷಗಳ ಮೇಲೆ, ೧೧೦೬ರಲ್ಲಿ, ನಿಶಾಪುರದಲ್ಲಿ ಮತ್ತೆ ಪಾಠ ಹೇಳತೊಡಗಿದನು. ೧೧೧೧ರಲ್ಲಿ ತೂಸಿನಲ್ಲಿಯೇ ಮರಣ ಹೊಂದಿದನು. ಶೀಲವು ಬದಲಾಗಬಲ್ಲುದೇ ಎಂಬುದು ಇವನಿಗೆ ಬರಿಯ ತರ್ಕದ ವಿಷಯವಾಗಿರಲಿಲ್ಲವೆಂಬುದನ್ನು ತೋರಿಸಲು ಈ ವೃತ್ತಾಂತವನ್ನು ಇಲ್ಲಿ ಸ್ಮರಿಸಬೇಕಾಯಿತು.

ಘಜಾಲಿಯ ಮಹಾಗ್ರಂಥವಾದ ‘ಇಹ್ಯಾ ಉಲೂಮುದ್ದೀನ್’ ನಾಲ್ವತ್ತು ಪುಸ್ತಕಗಳಾಗಿ ವಿಭಾಗಗೊಂಡಿದೆ. ಅವುಗಳಲ್ಲಿ ಒಂದು ಜೀವದ ಪಳಗಿಸುವಿಕೆಯನ್ನು ಕುರಿತದ್ದು. ಅಲ್ಲಿ ಅವನು ಮೊದಲು ಅರಬ್ಬೀ ಭಾಷೆಯ ಒಂದು ವಿಶೇಷವನ್ನು ಎತ್ತಿ ತೋರಿಸುತ್ತಾನೆ. ‘ಖಲ್ಕ್’ ಎಂದರೆ ಹೊರಗಿನ ಆಕೃತಿ, ‘ಖುಲ್ಕ್’ ಎಂದರೆ ಒಳಗಿನ ಆಕೃತಿ. ಎರಡೂ ಒಂದೇ ಧಾತುವಿನಿಂದ ಹುಟ್ಟಿವೆ. ಕುಳ್ಳನು ತನ್ನನ್ನು ಉದ್ದವಾಗಿಸಿಕೊಳ್ಳಲಾರನು. ಹಾಗಾದರೆ ಒಳಗಿನ ಆಕೃತಿಯೂ ಬದಲಾಗದೆಂದು ಸೋಮಾರಿಗಳು ವಾದಿಸುತ್ತಾರಂತೆ. ಘಜಾಲಿಯ ಉತ್ತರವಿದು: ಶೀಲವು ಬದಲಾಗುವುದಿಲ್ಲವಾದಲ್ಲಿ ಧರ್ಮೋಪದೇಶವೆಲ್ಲವೂ ವ್ಯರ್ಥವಾಗಬೇಕಾಗಿತ್ತು. ಮನುಷ್ಯನ ಮಾತಂತಿರಲಿ, ಕಾಡಿನ ಡೇಗೆಯು ಕೈಮೇಲೆ ಕೂರಲು ಕಲಿಯುತ್ತದೆ, ಬೇಟೆನಾಯಿಯು ಹಿಡಿದದ್ದನ್ನು ತಿನ್ನದಿರಲು ಕಲಿಯುತ್ತದೆ, ಕುದುರೆಯು ಕಡಿವಾಣಕ್ಕೆ ಒಗ್ಗುತ್ತದೆ.

ಇಲ್ಲಿ ಅವನು ಕೊಡುವ ಖರ್ಜೂರದ ದೃಷ್ಟಾಂತವು ಅವನ ಮತದ ಸಾರವನ್ನು ಒಳಗೊಂಡಿದೆ. ಸೃಷ್ಟಿಯಲ್ಲಿ ಕೆಲವು ವಸ್ತುಗಳು ಪೂರ್ಣವಾಗಿಯೇ ಇವೆ. ಆಕಾಶ, ನಕ್ಷತ್ರಗಳು, ನಮ್ಮ ಅಂಗಾಂಗಗಳು ಅಂತಹವು. ಮತ್ತೆ ಕೆಲವು ಅಪೂರ್ಣವಾಗಿದ್ದು ಪೂರ್ಣತೆಗೆ ಯೋಗ್ಯವಾಗಿವೆ. ಖರ್ಜೂರದ ಬೀಜವು ಖರ್ಜೂರದ ಮರವಲ್ಲ, ಸೇಬಿನ ಮರವೂ ಅಲ್ಲ. ಆದರೆ ಆರೈಕೆ ದೊರೆತಲ್ಲಿ ಅದು ಖರ್ಜೂರದ ಮರವಾಗಬಲ್ಲುದು. ಎಷ್ಟೇ ಆರೈಕೆ ಮಾಡಿದರೂ ಸೇಬಿನ ಮರವಾಗದು. ಕೋಪ ಮತ್ತು ಕಾಮಗಳ ವಿಷಯವೂ ಹಾಗೆಯೇ. ಅವನ್ನು ಬೇರುಸಹಿತ ಕಿತ್ತುಹಾಕುವುದು ಸಾಧ್ಯವೂ ಅಲ್ಲ, ಇಷ್ಟವೂ ಅಲ್ಲ. ಆಹಾರದ ಅಪೇಕ್ಷೆಯೇ ಅಳಿದರೆ ಮನುಷ್ಯನು ಸಾಯುತ್ತಾನೆ. ಕೋಪವೇ ಇಲ್ಲದವನು ತನ್ನನ್ನು ರಕ್ಷಿಸಿಕೊಳ್ಳಲಾರನು. ಬೇಟೆಗಾರನಿಗೆ ಕುದುರೆಯೂ ನಾಯಿಯೂ ಬೇಕು. ಅವು ಅವನ ಮಾತನ್ನು ಕೇಳಬೇಕು, ಅಷ್ಟೇ.

ಪಳಗಿಸುವ ವಿಧಾನಕ್ಕೆ ‘ರಿಯಾಜಾ’ ಎಂದು ಹೆಸರು. ಲಿಪಿಕಾರನಾಗಬೇಕೆನ್ನುವವನು ನುರಿತ ಲಿಪಿಕಾರನ ಅಕ್ಷರಗಳನ್ನು ನೋಡಿ ಕಷ್ಟಪಟ್ಟು ತಿದ್ದುತ್ತಾನೆ. ಆ ಕಾಲದಲ್ಲಿ ಅದು ಅವನದಲ್ಲ, ಅನುಕರಣೆ. ದೀರ್ಘಕಾಲ ತಿದ್ದಿದ ಮೇಲೆ ಸುಂದರ ಲಿಪಿಯು ಅವನ ಕೈಗೆ ಸಹಜವಾಗುತ್ತದೆ. ಅಂತೆಯೇ ಜಿಪುಣನು ಮೊದಲು ಬಲವಂತದಿಂದ ದಾನ ಮಾಡಬೇಕು. ಒಂದು ಬಾರಿ ಕೊಟ್ಟವನು ದಾನಿಯಲ್ಲ, ಕೊಡುವುದು ಸುಲಭವಾದವನು ದಾನಿ. ಕೃತಿಯು ಹೃದಯದ ಮೇಲೆ ಗುರುತನ್ನು ಬಿಡುತ್ತದೆ. ಆ ಗುರುತು ಮತ್ತೆ ಕೃತಿಯಾಗಿ ಹೊರಬರುತ್ತದೆ. ಅನುಕರಣೆಯನ್ನು ಕಪಟವೆಂದು ತಿರಸ್ಕರಿಸದೆ ಶೀಲದ ಮೊದಲ ಮೆಟ್ಟಿಲೆಂದು ಘಜಾಲಿಯು ಗೌರವಿಸಿದುದನ್ನು ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕು.

ಹಾಗೆಂದು ಎಲ್ಲರೂ ಸಮಾನವಾಗಿ ತಿದ್ದಲ್ಪಡುವರೆಂಬ ಭ್ರಮೆ ಅವನಿಗಿಲ್ಲ. ಅವನು ನಾಲ್ಕು ದರ್ಜೆಗಳನ್ನು ಹೇಳುತ್ತಾನೆ. ಒಳಿತು ಕೆಡುಕುಗಳನ್ನೇ ಅರಿಯದವನು ಬೇಗ ಗುಣ ಹೊಂದುವನು. ಕೆಡುಕನ್ನು ಕೆಡುಕೆಂದು ತಿಳಿದೂ ಅಭ್ಯಾಸಕ್ಕೆ ವಶನಾದವನನ್ನು ತಿದ್ದುವುದು ಅದಕ್ಕಿಂತ ಕಷ್ಟ. ಕೆಡುಕನ್ನೇ ಒಳಿತೆಂದು ನಂಬಿ ಬೆಳೆದವನ ಸುಧಾರಣೆ ಬಹು ವಿರಳ. ಕೆಡುಕಿನಲ್ಲಿಯೇ ತನ್ನ ಹಿರಿಮೆಯನ್ನು ಕಾಣುವವನದು ಎಲ್ಲಕ್ಕಿಂತ ಕಠಿನ. ಈ ವಿಂಗಡಣೆಗೂ ಗಾಲೆನನದಕ್ಕೂ ಮಹದಂತರವಿದೆ. ಗಾಲೆನನು ಮನುಷ್ಯರನ್ನು ಹುಟ್ಟಿನಿಂದ ವಿಂಗಡಿಸಿದನು. ಘಜಾಲಿಯು ಅವರು ನಡೆದುಬಂದ ದಾರಿಯ ದೂರದಿಂದ ವಿಂಗಡಿಸಿದನು.

ತನ್ನ ದೋಷವನ್ನು ತಾನು ಕಾಣುವ ಉಪಾಯಗಳೂ ಅವನಲ್ಲಿ ನಾಲ್ಕು: ಒಳನೋಟವುಳ್ಳ ಗುರು, ಸತ್ಯವನ್ನಾಡುವ ಗೆಳೆಯ, ಶತ್ರುವಿನ ನಿಂದೆ, ಪರರ ದೋಷದಲ್ಲಿ ತನ್ನದನ್ನು ಕಾಣುವ ಅಭ್ಯಾಸ. ಹೊಗಳುವ ಗೆಳೆಯನಿಗಿಂತ ತೆಗಳುವ ಶತ್ರುವಿನಿಂದ ಹೆಚ್ಚಿನ ಪ್ರಯೋಜನವಾದೀತೆಂದೂ ಅವನು ಸೇರಿಸುತ್ತಾನೆ.

ಇದೇ ಪುಸ್ತಕದಲ್ಲಿ ಶಿಶುಶಿಕ್ಷಣದ ಒಂದು ಪ್ರಕರಣವಿದೆ. ಅದರ ಬಹುಭಾಗವು ಮಿಸ್ಕವೈಹನಿಂದ ಬಂದುದು. ಮಿಸ್ಕವೈಹನಿಗೆ ಅದು ಬ್ರೈಸನ್ ಎಂಬ ಗ್ರೀಕ್ ಲೇಖಕನಿಂದ ಬಂದುದು. ಘಜಾಲಿಯ ದೃಷ್ಟಿಯಲ್ಲಿ ಮಗುವು ತಂದೆತಾಯಿಗಳ ಬಳಿ ಇಟ್ಟ ನ್ಯಾಸ, ಅದರ ಹೃದಯವು ಯಾವ ಚಿತ್ರವೂ ಮೂಡದ ರತ್ನ. ಮಗುವಿನ ತಪ್ಪು ಒಮ್ಮೆ ಕಂಡರೆ ಕಾಣದಂತಿರಬೇಕು. ಮತ್ತೆ ಮಾಡಿದರೆ ಏಕಾಂತದಲ್ಲಿ ಬುದ್ಧಿ ಹೇಳಬೇಕು. ಪದೇ ಪದೇ ಗದರಿಸಿದರೆ ಗದರಿಕೆಯೇ ಅದಕ್ಕೆ ರೂಢಿಯಾಗುತ್ತದೆ. ಪಾಠಶಾಲೆಯಿಂದ ಬಂದ ಮಗುವಿಗೆ ಆಟವಾಡಲು ಬಿಡಬೇಕು. ಆಟವಿಲ್ಲದೆ ಸದಾ ಓದಿಗೆ ಕೂರಿಸಿದಲ್ಲಿ ಅದರ ಹೃದಯವು ಸಾಯುತ್ತದೆ, ಬುದ್ಧಿಯು ಮಂದವಾಗುತ್ತದೆ. ಹನ್ನೆರಡನೆಯ ಶತಮಾನದ ಆದಿಭಾಗದವನೊಬ್ಬನ ಈ ಮಾತನ್ನು ಇಂದಿನ ಪರೀಕ್ಷಾಪ್ರಧಾನ ವಿದ್ಯಾಭ್ಯಾಸದ ಕಾಲದಲ್ಲಿ ಓದುವಾಗ ನಮಗೆ ಸಂಕೋಚವಾಗದಿರದು.

೫

ಮಿಸ್ಕವೈಹ್ ಮತ್ತು ಘಜಾಲಿ ಇಬ್ಬರೂ ವ್ಯಕ್ತಿಯನ್ನು ಕುರಿತು ಮಾತನಾಡಿದರು. ಟ್ಯೂನಿಸಿನಲ್ಲಿ ೧೩೩೨ರಲ್ಲಿ ಹುಟ್ಟಿ, ಉತ್ತರ ಆಫ್ರಿಕ ಮತ್ತು ಸ್ಪೇನಿನ ಹಲವು ಆಸ್ಥಾನಗಳಲ್ಲಿ ಅಧಿಕಾರವನ್ನೂ ಸೆರೆಮನೆಯನ್ನೂ ಅನುಭವಿಸಿ, ೧೪೦೬ರಲ್ಲಿ ಕೈರೋ ನಗರದಲ್ಲಿ ನ್ಯಾಯಾಧಿಪತಿಯಾಗಿ ಮೃತನಾದ ಇಬ್ನ್ ಖಲ್ದೂನನು ಅದೇ ಪ್ರಶ್ನೆಯನ್ನು ಸಮಾಜಗಳ ವಿಷಯದಲ್ಲಿ ಕೇಳಿದನು. ಅವನ ‘ಮುಕದ್ದಿಮಾ’ ೧೩೭೭ರಲ್ಲಿ ರಚಿತವಾಯಿತು.

ಜೀವವು ತನ್ನ ಮೊದಲ ಸ್ಥಿತಿಯಲ್ಲಿ ಒಳಿತು ಕೆಡುಕುಗಳಲ್ಲಿ ಯಾವುದು ಬಂದರೂ ಸ್ವೀಕರಿಸಲು ಸಿದ್ಧವಾಗಿರುತ್ತದೆಂದು ಇಬ್ನ್ ಖಲ್ದೂನನು ಪೂರ್ವೋಕ್ತ ಹದೀಸನ್ನೇ ಆಧಾರವಾಗಿಟ್ಟುಕೊಂಡು ಹೇಳುತ್ತಾನೆ. ಮೊದಲು ಬಂದದ್ದು ಎರಡನೆಯದಕ್ಕೆ ಎಡೆಗೊಡುವುದಿಲ್ಲ. ಮನುಷ್ಯನು ತನ್ನ ರೂಢಿಗಳ ಸಂತಾನವೇ ಹೊರತು ತನ್ನ ಪ್ರಕೃತಿಯ ಸಂತಾನವಲ್ಲವೆಂಬುದು ಅವನ ಸಿದ್ಧಾಂತ. ಮರುಭೂಮಿಯ ಅಲೆಮಾರಿಗಳು ಧೈರ್ಯಶಾಲಿಗಳಾಗಿರುವುದು ರಕ್ತದ ಗುಣದಿಂದಲ್ಲ. ಅವರಿಗೆ ಕೋಟೆಯಿಲ್ಲ, ಕಾವಲಿಲ್ಲ. ತಮ್ಮ ರಕ್ಷಣೆಯನ್ನು ತಾವೇ ನೋಡಿಕೊಳ್ಳಬೇಕು. ನಗರವಾಸಿಗಳು ಗೋಡೆಗಳನ್ನೂ ಅರಸನ ಸೈನ್ಯವನ್ನೂ ನಂಬಿ ನಿದ್ರಿಸುತ್ತಾರೆ. ಕೆಲವು ತಲೆಮಾರುಗಳಲ್ಲಿ ಈ ನೆಚ್ಚಿಕೆಯೇ ಅವರ ಎರಡನೆಯ ಸ್ವಭಾವವಾಗುತ್ತದೆ. ಘಜಾಲಿಯ ಲಿಪಿಕಾರನು ಬುದ್ಧಿಪೂರ್ವಕವಾಗಿ ಮಾಡಿದುದನ್ನು ಇಲ್ಲಿ ಜೀವನೋಪಾಯವು ಅವರಿಗರಿಯದಂತೆಯೇ ಮಾಡುತ್ತದೆ.

ಇದೇ ತತ್ತ್ವವನ್ನು ಅವನು ಪಾಠಶಾಲೆಗೆ ಅನ್ವಯಿಸುವ ಅಧ್ಯಾಯವು ಅತ್ಯಂತ ಬೆಲೆಯುಳ್ಳದ್ದು. ಕಠೋರ ಶಿಕ್ಷೆಯಲ್ಲಿ ಬೆಳೆದ ವಿದ್ಯಾರ್ಥಿ, ದಾಸ, ಸೇವಕ ಇವರೆಲ್ಲರ ಉತ್ಸಾಹವು ಕುಗ್ಗುತ್ತದೆ. ಅವರು ಸೋಮಾರಿಗಳಾಗುತ್ತಾರೆ, ಏಟಿಗೆ ಅಂಜಿ ಮನಸ್ಸಿನಲ್ಲಿಲ್ಲದ್ದನ್ನು ಬಾಯಲ್ಲಿ ಹೇಳುವುದನ್ನು ಕಲಿಯುತ್ತಾರೆ, ಕ್ರಮೇಣ ಸುಳ್ಳು ಮತ್ತು ಕಪಟಗಳು ಅವರ ಶೀಲವೇ ಆಗುತ್ತವೆ. ತನ್ನನ್ನೂ ತನ್ನ ಮನೆಯನ್ನೂ ರಕ್ಷಿಸಿಕೊಳ್ಳುವ ಮಾನವೋಚಿತವಾದ ಅಭಿಮಾನವು ಅಳಿಯುತ್ತದೆ. ದಬ್ಬಾಳಿಕೆಗೆ ಸಿಕ್ಕಿದ ಜನಾಂಗಗಳ ಗತಿಯೂ ಇದೇ ಎಂದು ಅವನು ಮುಂದುವರಿಯುತ್ತಾನೆ. ಮಕ್ಕಳಿಗೆ ಮೂರಕ್ಕಿಂತ ಹೆಚ್ಚು ಏಟು ಕೊಡಬಾರದೆಂಬ ಹಿಂದಿನ ಧರ್ಮಶಾಸ್ತ್ರಜ್ಞನೊಬ್ಬನ ನಿಯಮವನ್ನೂ ಉಲ್ಲೇಖಿಸುತ್ತಾನೆ.

ಇದರ ತಾತ್ಪರ್ಯವನ್ನು ನಿಧಾನವಾಗಿ ಪರಿಭಾವಿಸಬೇಕು. ಸೋತ ಜನರನ್ನು ಕಂಡು ಇವರು ಹುಟ್ಟಾ ಸುಳ್ಳುಗಾರರು, ಸೋಮಾರಿಗಳು ಎಂದು ಗೆದ್ದವರು ಹೇಳುವುದು ಇತಿಹಾಸದಲ್ಲಿ ಸರ್ವತ್ರ ಕಾಣಬರುವ ಸಂಗತಿ. ನಮ್ಮ ದೇಶದ ಜನರ ‘ಸ್ವಭಾವ’ವನ್ನು ಕುರಿತು ವಸಾಹತು ಕಾಲದ ಅಧಿಕಾರಿಗಳು ಬರೆದ ವರದಿಗಳಲ್ಲಿಯೂ ಇಂತಹ ಮಾತುಗಳು ಹೇರಳವಾಗಿವೆ. ಯಾವುದು ದಬ್ಬಾಳಿಕೆಗೆ ಕಾರಣವೆಂದು ಅವರು ಹೇಳಿದರೋ ಅದು ದಬ್ಬಾಳಿಕೆಯ ಫಲವೆಂದು ಇಬ್ನ್ ಖಲ್ದೂನನು ಅದಕ್ಕೆ ಬಹು ಹಿಂದೆಯೇ ತೋರಿಸಿಕೊಟ್ಟಿದ್ದನು.

ಆದರೂ ಅವನು ತನ್ನ ಸಿದ್ಧಾಂತಕ್ಕೆ ಎಲ್ಲೆಡೆಯಲ್ಲಿಯೂ ನಿಷ್ಠನಾಗಿ ಉಳಿಯಲಿಲ್ಲ. ಆಫ್ರಿಕದ ಜನರ ಮೈಬಣ್ಣವು ನೋವನ ಮಗನಿಗೆ ತಗುಲಿದ ಶಾಪದಿಂದ ಬಂದಿತೆಂಬ ಕತೆಯನ್ನು ಅವನು ತಳ್ಳಿಹಾಕಿ ಹವಾಗುಣವೇ ಅದಕ್ಕೆ ಕಾರಣವೆಂದನು. ಆದರೆ ಅದೇ ಹವಾಗುಣದ ಆಧಾರದಿಂದ ಆ ಜನರಿಗೆ ಚಾಪಲ್ಯ ಮೊದಲಾದ ಗುಣಗಳನ್ನು ಆರೋಪಿಸಿ ಅವರನ್ನು ಕೀಳಾಗಿ ಬರೆದನು. ರೂಢಿಯನ್ನು ಪ್ರಕೃತಿಯೆಂದು ತಿಳಿಯಬಾರದೆಂದು ಬೋಧಿಸಿದವನೇ ಇಲ್ಲಿ ಜಾರಿದನು. ಅಂತೆಯೇ ಅಖ್ಲಾಖ್ ಗ್ರಂಥಗಳೆಲ್ಲವೂ ಮನೆಯಲ್ಲಿ ದಾಸರಿರುವುದನ್ನು ಸಹಜವೆಂದೇ ಭಾವಿಸುತ್ತವೆ. ಅವು ಸಂಬೋಧಿಸುವ ಓದುಗನು ಸ್ವತಂತ್ರನಾದ ಪುರುಷನು. ಸ್ತ್ರೀಯು ಅಲ್ಲಿ ಬಹುಮಟ್ಟಿಗೆ ಗೃಹನಿರ್ವಹಣೆಯ ಪ್ರಕರಣದಲ್ಲಿ ಕಾಣಿಸಿಕೊಳ್ಳುತ್ತಾಳೆ. ಈ ಮಿತಿಗಳನ್ನು ಮರೆಮಾಡುವುದು ಇತಿಹಾಸಕಾರನ ಧರ್ಮವಲ್ಲ.

೬

ಈ ವಿಚಾರಧಾರೆಯು ದಖ್ಖನಿಗೂ ಹರಿದು ಬಂದಿತು. ನಾಸಿರುದ್ದೀನ್ ತೂಸಿಯು (೧೨೦೧-೧೨೭೪) ಮಿಸ್ಕವೈಹನ ಗ್ರಂಥವನ್ನು ಆಧರಿಸಿ, ಗೃಹ ಮತ್ತು ರಾಜ್ಯಗಳನ್ನು ಕುರಿತ ಭಾಗಗಳನ್ನು ಸೇರಿಸಿ ‘ಅಖ್ಲಾಖೆ ನಾಸಿರಿ’ಯನ್ನು ಪಾರಸಿಯಲ್ಲಿ ರಚಿಸಿದುದರಿಂದ ಅದು ಪಾರಸಿಯನ್ನು ಬಲ್ಲ ಎಲ್ಲ ಆಸ್ಥಾನಗಳಿಗೂ ಸುಲಭವಾಯಿತು. ಅಕ್ಬರನ ಮುಂದೆ ಓದಲಾಗುತ್ತಿದ್ದ ಗ್ರಂಥಗಳಲ್ಲಿ ಅದೂ ಒಂದೆಂದು ಅಬುಲ್ ಫಜಲನ ಬರಹದಿಂದ ತಿಳಿದುಬರುತ್ತದೆ.

ಕಲಬುರಗಿಯಲ್ಲಿ ಬಹಮನೀ ಫಿರೋಜ್ ಷಾಹನ ಕಾಲದಲ್ಲಿ ಬಂದು ನೆಲೆಸಿ ೧೪೨೨ರಲ್ಲಿ ದಿವಂಗತರಾದ ಹಜರತ್ ಬಂದೇನವಾಜ್ ಗೇಸೂದರಾಜರು ಶಿಷ್ಯರ ನಡೆನುಡಿಗಳನ್ನು ಕುರಿತ ‘ಆದಾಬುಲ್ ಮುರೀದೀನ್’ ಎಂಬ ಸೂಫೀ ಗ್ರಂಥಕ್ಕೆ ಪಾರಸಿಯಲ್ಲಿ ವ್ಯಾಖ್ಯಾನವನ್ನು ಬರೆದರು. ಶಿಷ್ಯನು ಹೇಗೆ ಉಣ್ಣಬೇಕು, ಹೇಗೆ ಮಲಗಬೇಕು, ಗುರುವಿನ ಮುಂದೆ ಹೇಗೆ ಇರಬೇಕು ಎಂಬಂತಹ ವಿವರಗಳು ಅಂತಹ ಗ್ರಂಥಗಳಲ್ಲಿ ಬರುವುದನ್ನು ಕಂಡು ಬರಿಯ ಬಾಹ್ಯಾಚಾರವೆಂದು ಯಾರಾದರೂ ಉಪೇಕ್ಷಿಸಬಹುದು. ಹೊರಗಿನ ನಡೆಯಿಂದ ಒಳಗಿನ ಆಕೃತಿಯನ್ನು ತಿದ್ದಬಹುದೆಂಬ ತತ್ತ್ವವನ್ನು ಬಲ್ಲವರಿಗೆ ಈ ವಿವರಗಳ ಉದ್ದೇಶವು ಸ್ಪಷ್ಟವಾಗುತ್ತದೆ.

ಬೀದರಿನಲ್ಲಿ ೧೪೭೨ರಲ್ಲಿ ಮದರಸಾವನ್ನು ಕಟ್ಟಿಸಿದ ಮಂತ್ರಿ ಮಹಮೂದ್ ಗವಾನನು ಇರಾನಿನ ಗೀಲಾನ್ ಪ್ರಾಂತದವನು. ಕವಿ ಜಾಮಿಯೊಡನೆ ಪತ್ರವ್ಯವಹಾರವನ್ನಿಟ್ಟುಕೊಂಡಿದ್ದ ಇವನ ಪತ್ರಗಳು ‘ರಿಯಾಜುಲ್ ಇನ್ಶಾ’ ಎಂಬ ಸಂಗ್ರಹದಲ್ಲಿ ಉಳಿದಿವೆ. ಮಗನಿಗೆ ಬರೆದ ಪತ್ರಗಳೂ ಅದರಲ್ಲಿವೆ. ೧೪೮೧ರಲ್ಲಿ ಕೃತ್ರಿಮ ಪತ್ರವೊಂದರ ನೆವದಿಂದ ಅರಸನು ಅವನನ್ನು ಕೊಲ್ಲಿಸಿದನು. ನೀತಿಶಾಸ್ತ್ರವನ್ನು ಬಲ್ಲ ಆಸ್ಥಾನಗಳೆಲ್ಲವೂ ನೀತಿವಂತವಾಗಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆ ಗ್ರಂಥಗಳನ್ನು ಓದದವರ ಬಾಯಲ್ಲಿಯೂ ಅವುಗಳ ಪದಗಳು ಮಾತ್ರ ಉಳಿದುಕೊಂಡಿವೆ. ಧಾರವಾಡದ ಹಿಂದುಸ್ತಾನೀ ಗಾಯಕನು ಬೆಳಗಿನಲ್ಲಿ ಮಾಡುವ ರಿಯಾಜು ಘಜಾಲಿಯ ರಿಯಾಜಾ ಶಬ್ದವೇ. ನಾಟಕದವರೂ ಜಟ್ಟಿಗಳೂ ನಡೆಸುವ ತಾಲೀಮು ‘ಬೋಧನೆ’ ಎಂಬರ್ಥದ ಅರಬ್ಬೀ ಪದ. ಮಕ್ಕಳನ್ನು ಅದಬಿನಲ್ಲಿಡಬೇಕೆಂದು ಹಿರಿಯರು ಹೇಳುವಾಗ ಬಳಸುವುದೂ ಸೂಫಿಗಳ ‘ಅದಬ್’ ಶಬ್ದವನ್ನೇ.

೭

ಮೇಲಿನ ವಿವೇಚನೆಯಿಂದ ಈ ನಿರ್ಣಯಕ್ಕೆ ಬರಬಹುದಾಗಿದೆ. ಪ್ರಕೃತಿಯು ಮನುಷ್ಯನಿಗೆ ಯೋಗ್ಯತೆಯನ್ನು ಕೊಡುತ್ತದೆ, ಶೀಲವನ್ನು ಕೊಡುವುದಿಲ್ಲ ಎಂಬುದರಲ್ಲಿ ಮೂವರೂ ಬಹುಮಟ್ಟಿಗೆ ಒಮ್ಮತವುಳ್ಳವರು. ಯೋಗ್ಯತೆಯನ್ನು ಶೀಲವನ್ನಾಗಿ ಮಾರ್ಪಡಿಸುವುದು ಯಾವುದೆಂಬುದರಲ್ಲಿ ಅವರಿಗೆ ಭೇದವಿದೆ. ಮಿಸ್ಕವೈಹನು ವಿವೇಕಕ್ಕೂ ಸಹವಾಸಕ್ಕೂ ಪ್ರಾಧಾನ್ಯವನ್ನು ಕೊಟ್ಟನು. ಘಜಾಲಿಯು ದೇವರೆದುರಿನಲ್ಲಿ ನ��ೆಯುವ ದೀರ್ಘಾಭ್ಯಾಸಕ್ಕೆ ಕೊಟ್ಟನು. ಇಬ್ನ್ ಖಲ್ದೂನನು ಜೀವನಕ್ರಮಕ್ಕೂ ಅಧಿಕಾರದ ಸ್ವರೂಪಕ್ಕೂ ಕೊಟ್ಟನು. ಹೊಣೆಯ ಪ್ರಶ್ನೆಯೂ ಅದಕ್ಕನುಗುಣವಾಗಿ ವಿಸ್ತರಿಸಿತು. ಮೊದಲು ಅದು ವ್ಯಕ್ತಿಯ ಮತ್ತು ತಂದೆತಾಯಿಗಳ ಹೊಣೆಯಾಗಿತ್ತು. ಕೊನೆಗೆ ಅರಸನ ಮತ್ತು ಉಪಾಧ್ಯಾಯನ ಹೊಣೆಯೂ ಆಯಿತು.

ಇತಿಹಾಸವನ್ನು ಬೋಧಿಸುವ ನಮಗೆ ಇದರಿಂದ ಎರಡು ಎಚ್ಚರಿಕೆಗಳು ಲಭಿಸುತ್ತವೆ. ಒಂದು ಜನಾಂಗದ ಏಳುಬೀಳುಗಳನ್ನು ಅದರ ಸ್ವಭಾವದಿಂದ ವಿವರಿಸಹೊರಟಾಗ ಆ ಸ್ವಭಾವವನ್ನು ಯಾವ ರೂಢಿಗಳು, ಯಾವ ಆಳ್ವಿಕೆಯು ರೂಪಿಸಿದವೆಂದು ಕೇಳಿಕೊಳ್ಳಬೇಕು. ತರಗತಿಯ ಕೊನೆಯ ಸಾಲಿನಲ್ಲಿ ಕುಳಿತ ವಿದ್ಯಾರ್ಥಿಯನ್ನು ಹುಟ್ಟಾ ಮಂದನೆಂದು ತೀರ್ಮಾನಿಸುವ ಮೊದಲು ಅವನ ಕೈಗೆ ಎಂದಾದರೂ ತಿದ್ದಲು ಒಳ್ಳೆಯ ಅಕ್ಷರಗಳನ್ನು ಕೊಟ್ಟಿದ್ದೆವೇ ಎಂದೂ ಕೇಳಿಕೊಳ್ಳಬೇಕು. ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆಯಲ್ಲಿ ಸತ್ಯಾಂಶವಿಲ್ಲವೆಂದಲ್ಲ; ಖರ್ಜೂರದ ಬೀಜದಿಂದ ಸೇಬನ್ನು ಬೆಳೆಯಲಾಗದು. ಆದರೆ ಬೀಜವನ್ನು ಒಣನೆಲದಲ್ಲಿ ಬಿಟ್ಟು, ಅದು ಮೊಳೆಯದಿದ್ದುದಕ್ಕೆ ಬೀಜವನ್ನೇ ದೂರುವ ಅಧಿಕಾರವು ತೋಟಗಾರನಿಗಿಲ್ಲ.